ಹಾರಂಗಿ ಹಿನ್ನೀರಿನ ಫೈಬರ್ ದೋಣಿ: ಹಳೇ ವೈರಿಂಗ್ ಪೂರ್ತಿ ಕೀಳೋದಾ, ಇದ್ದದ್ದನ್ನೇ ಸರಿ ಮಾಡೋದಾ?

ಹಿನ್ನೀರ_ಹಾದಿ (ಕುಶಾಲನಗರ)
ಹಾರಂಗಿ ಹಿನ್ನೀರಲ್ಲಿ ಬಲೆ ಬಿಡೋಕೆ ಅಂತ ನಾವು ಮೂರು ಜನ ಸೇರಿ ಕರಾವಳಿ ಕಡೆಯಿಂದ ಒಂದು ಹಳೇ ಫೈಬರ್ ದೋಣಿ ತಂದಿದ್ದೀವಿ. 16 ಅಡಿ ಉದ್ದ, 9.9 ಎಚ್‌ಪಿ ಪೆಟ್ರೋಲ್ ಔಟ್‌ಬೋರ್ಡ್ (ದೋಣಿ ಹಿಂದೆ ಹೊರಗಡೆ ಕಚ್ಚಿಸೋ ಇಂಜಿನ್), ಹಗ್ಗ ಎಳೆದು ಸ್ಟಾರ್ಟ್ ಮಾಡೋದು. ಇಂಜಿನ್‌ನಿಂದ ಬ್ಯಾಟರಿಗೆ ಚಾರ್ಜಿಂಗ್ ವೈರ್ ಬರುತ್ತೆ. ಇಂಜಿನ್ ಚೆನ್ನಾಗಿದೆ, ದೋಣಿ ಮೈ ಗಟ್ಟಿಯಿದೆ. ಲೈಸೆನ್ಸ್ ಇದೆ, ಆ ಚರ್ಚೆ ಇಲ್ಲಿ ಬೇಡ.

ತೊಂದರೆ ಇರೋದು ವೈರಿಂಗಲ್ಲಿ. ಸೀಟಿನ ಕೆಳಗಿನ ಹಲಗೆ ತೆಗೆದು ನೋಡಿದ್ರೆ ಬ್ಯಾಟರಿಯಿಂದ ಹೊರಟ ಕೆಂಪು ವೈರ್ ಅರ್ಧ ದಾರೀಲಿ ನೀಲಿ ಆಗುತ್ತೆ, ಅಲ್ಲಿಂದ ಮುಂದೆ ಸ್ಪೀಕರ್ ವೈರ್. ಜಾಯಿಂಟೆಲ್ಲಾ ಕೈಯಲ್ಲಿ ತಿರುಚಿ ಕರಿ ಟೇಪ್ ಸುತ್ತಿದ್ದು. ಟೇಪ್ ಬಿಚ್ಚಿದ್ರೆ ಅಂಟು ಬೆರಳಿಗೆ ಹತ್ತುತ್ತೆ, ಒಳಗೆ ತಾಮ್ರದ ಬದಲು ಹಸಿರು ಪುಡಿ. ಫ್ಯೂಸ್ ಒಂದೂ ಇಲ್ಲ. ಮುಂದಿನ ಕೆಂಪು-ಹಸಿರು ದೀಪ ಮಿಣುಕು ಮಿಣುಕು. ತಳದ ನೀರು ಹೊರಹಾಕೋ ಪಂಪ್ ಮನಸ್ಸು ಬಂದಾಗ ಓಡುತ್ತೆ.

ಬ್ಯಾಟರಿ ಹೊಸದು, 12 ವೋಲ್ಟ್ 40 ಎಎಚ್ (ಆಂಪಿಯರ್-ಅವರ್). ನಮಗೆ ಬೇಕಿರೋದು ದಾರಿ ದೀಪ (ಕತ್ತಲಲ್ಲಿ ಬೇರೆಯವರಿಗೆ ದೋಣಿ ಕಾಣೋಕೆ), ಒಂದು ಸರ್ಚ್ ಲೈಟ್, ಪಂಪ್, ನೀರೊಳಗಿನ ಮೀನು ತೋರಿಸೋ ಫಿಶ್‌ಫೈಂಡರ್, ಮೊಬೈಲ್ ಚಾರ್ಜ್. ಕೆಟ್ಟಿದ್ದನ್ನಷ್ಟೇ ಬದಲಿಸಿದ್ರೆ ಸಾಕಾ? ವೈರ್ ಯಾವುದು ಹಾಕಲಿ?

ತೆಪ್ಪವೇ_ಸಾಕು
ಹಿನ್ನೀರಿಗೆ ತೆಪ್ಪ, ಕೈಯಲ್ಲೊಂದು ಟಾರ್ಚ್. ಇಷ್ಟೇ ಸಾಕಲ್ವಾ?

ಹಿನ್ನೀರ_ಹಾದಿ
ಗಾಳಿ ಎದ್ದಾಗ ಆ ದಡದಿಂದ ಈ ದಡಕ್ಕೆ ತೆಪ್ಪದಲ್ಲಿ ಹುಟ್ಟು ಹಾಕಿ ನೋಡಿ ಅಣ್ಣ, ಆಮೇಲೆ ಮಾತಾಡೋಣ.

ತೋಟದ_ಕರೆಂಟು (ಸುಂಟಿಕೊಪ್ಪ)
ಪೂರ್ತಿ ಕೀಳೋದು ದಂಡದ ಖರ್ಚು. ಹಸಿರಾಗಿರೋ ಕಡೆ ಒಂದೊಂದು ಗೇಣು ಕತ್ತರಿಸಿ ಹೊಸ ತುಂಡು ಸೇರಿಸಿ. ಮನೆ ವೈರಿಂಗಿಗೆ ಹಾಕೋ ಒಂದು ಸ್ಕ್ವೇರ್ ಎಂಎಂ ವೈರ್ ಬೇಕಾದಷ್ಟಾಯ್ತು. ಸಮುದ್ರ ಆಗಿದ್ರೆ ಬೇರೆ ಮಾತು, ಇದು ಸಿಹಿನೀರು, ಉಪ್ಪಿಲ್ಲ. ತೋಟದ ಪಂಪ್‌ಹೌಸುಗಳಲ್ಲಿ ಮಳೆಗಾಲ ಪೂರ್ತಿ ಒದ್ದೆ, ಅದೇ ವೈರ್ ವರ್ಷಗಟ್ಟಲೆ ನಡೀತಿದೆ.

ಮಲ್ಪೆ_ಮೋಟರ್
ಎಂತ ಮಾರಾಯ್ರೆ, ಪಂಪ್‌ಹೌಸ್ ಅಲುಗುವುದಿಲ್ಲ, ದೋಣಿ ಅಲುಗುತ್ತದೆ. ದೊಡ್ಡ ವ್ಯತ್ಯಾಸ ಅದೇ. ನಾನು ಬೋಟ್ ವೈರಿಂಗ್ ಮಾಡಿಯೇ ಹೊಟ್ಟೆ ಹೊರೆಯುವವ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ಕಡಲ ಮೀನುಗಾರಿಕೆ ನಿಷೇಧ ಉಂಟಲ್ಲ, ಆಗ ಬೋಟುಗಳೆಲ್ಲ ನಿಂತಿರುತ್ತವೆ, ನಮಗೆ ಊಟಕ್ಕೂ ಪುರುಸೊತ್ತಿಲ್ಲ. ಅದರಲ್ಲಿ ಕಂಡದ್ದನ್ನು ಹೇಳ್ತೇನೆ.

ಒಂದು ಕಡೆ ಹಸಿರು ಕಂಡಿತು ಅಂದರೆ ಆ ಹಸಿರು ಅಲ್ಲಿಗೇ ನಿಂತಿಲ್ಲ. ವೈರಿನ ಬಾಯಿ ತೆರೆದಿದ್ದರೆ ನೀರು ಎಳೆಗಳ ನಡುವೆ ಒಳಗೊಳಗೇ ಏರುತ್ತದೆ. ಹೊರಗಿನ ಪ್ಲಾಸ್ಟಿಕ್ ಹೊಸದರ ಹಾಗೆ, ಸಿಪ್ಪೆ ಸುಲಿದರೆ ಒಂದು ಮೊಳದವರೆಗೆ ತಾಮ್ರ ಕಪ್ಪು. ಅಂಥ ವೈರಿಗೆ ತುಂಡು ಸೇರಿಸಿ ಪ್ರಯೋಜನ ಇಲ್ಲ, ಬದಲಿಗೆ ಜಾಯಿಂಟಿನ ಸಂಖ್ಯೆ ಎರಡರಷ್ಟಾಗುತ್ತದೆ. ಪೂರ್ತಿ ಕಿತ್ತು ಬಿಸಾಡಿ.

ವೈರ್ ತವರ ಲೇಪಿಸಿದ ತಾಮ್ರದ್ದು, ತೆಳು ಎಳೆ ಜಾಸ್ತಿ ಇರುವಂಥದ್ದು ತನ್ನಿ. ಹಳೇ ಕಾಲದ ಒಂಟಿ ಎಳೆಯ ವೈರ್ ಅಂತೂ ಇಂಜಿನ್ ನಡುಕಕ್ಕೆ ಒಳಗೇ ತುಂಡಾಗ್ತದೆ.

ತೋಟದ_ಕರೆಂಟು
ತವರ ಲೇಪದ್ದು ಕೊಡಗಲ್ಲಿ ಸಿಗೋದು ಕಷ್ಟ, ಸಿಕ್ಕಿದ್ರೂ ದುಬಾರಿ. ಉಪ್ಪುನೀರಿನ ಲೆಕ್ಕವನ್ನ ಹಾರಂಗಿಗೆ ತಂದು ಹಾಕೋದು ಸರಿಯಲ್ಲ.

ಮಂಜಿನೂರು (ಮಡಿಕೇರಿ)
ಉಪ್ಪಿಲ್ಲ, ಒಪ್ಪಿದೆ. ಆದ್ರೆ ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಗೆ ತಗುಲಿಸಿದ ಬೆಲ್ಟಿಗೇ ಬೂಷ್ಟು ಹಿಡಿಯುತ್ತೆ. ಮುಚ್ಚಿದ ಹಲಗೆ ಕೆಳಗೆ ಇರೋ ವೈರ್ ಆರೋದು ಯಾವಾಗ?

ಹಿನ್ನೀರ_ಹಾದಿ
ಸಾಮಾನು ತರೋಕೆ ಮುಂಚೆ ಇನ್ನೊಂದು ಅನುಮಾನ. ಬ್ಯಾಟರಿ ಹತ್ರ ಮೀಟರ್ ಇಟ್ಟರೆ 12.4 ತೋರಿಸುತ್ತೆ. ಮುಂದಿನ ದೀಪದ ಹತ್ರ, ದೀಪ ಹಚ್ಚಿಟ್ಟು ನೋಡಿದ್ರೆ 10.1. ವೈರ್ ಸಣ್ಣ ಆಗಿದ್ದಕ್ಕಾ, ಜಾಯಿಂಟಿಂದಾನಾ?

ಬ್ಯಾಟರಿ_ಅಂಗಡಿ (ಕುಶಾಲನಗರ)
ದೀಪ ಹಚ್ಚಿಟ್ಟು ಅಳೆದ್ರಲ್ಲ, ಅರ್ಧ ಕೆಲಸ ಆಯ್ತು. ದೀಪ ಆರಿಸಿ ಅಳೆದಿದ್ರೆ ಅಲ್ಲೂ 12.4 ತೋರಿಸಿ ದಾರಿ ತಪ್ಪಿಸ್ತಿತ್ತು.

ಈಗ ಹೀಗೆ ಮಾಡಿ. ದೀಪ ಉರೀತಿರ್ಲಿ. ಉದ್ದ ವೈರ್ ತಗೊಂಡು ಮೀಟರಿನ ಒಂದು ಕಡ್ಡಿ ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದು ದೀಪದ ನೆಗೆಟಿವ್‌ಗೆ ಇಡಿ. ಆಮೇಲೆ ಪಾಸಿಟಿವ್‌ನಿಂದ ಪಾಸಿಟಿವ್‌ಗೆ. ದಾರಿ ಸರಿ ಇದ್ರೆ ಎರಡೂ ಕಡೆ ಸೊನ್ನೆಗೆ ಹತ್ರ ಬರಬೇಕು. ಎಲ್ಲಿ ಜಾಸ್ತಿ ಬರುತ್ತೋ ಅಲ್ಲಿ ಕಳ್ಳ ಇದ್ದಾನೆ.

ಹಿನ್ನೀರ_ಹಾದಿ
ಅಳೆದೆ ಸರ್. ಪಾಸಿಟಿವ್ ಕಡೆ 0.4. ನೆಗೆಟಿವ್ ಕಡೆ 1.9!

ಬ್ಯಾಟರಿ_ಅಂಗಡಿ
ಎರಡೂ ಕೂಡಿದ್ರೆ 2.3, ನಿಮಗೆ ಕಳೆದುಹೋಗಿದ್ದೂ ಅಷ್ಟೇ. ಎಲ್ಲರೂ ಕೆಂಪು ವೈರನ್ನೇ ಹುಡುಕ್ತಾ ಕೂರ್ತಾರೆ, ವಾಪಸ್ ಬರೋ ದಾರೀನ ಯಾರೂ ನೋಡಲ್ಲ. ಬಹುಶಃ ಎಲ್ಲಾ ನೆಗೆಟಿವ್‌ಗಳನ್ನೂ ಒಂದೇ ಕಡೆ ತಿರುಚಿ ಟೇಪ್ ಸುತ್ತಿರ್ತಾರೆ.

ಹಿನ್ನೀರ_ಹಾದಿ
ಹೌದು, ಪಂಪಿನ ಪಕ್ಕದಲ್ಲೇ ಒಂದು ಗಂಟಿದೆ. ಐದು ವೈರ್ ಒಂದೇ ಗಂಟಲ್ಲಿ, ನೀರು ನಿಲ್ಲೋ ಜಾಗದಲ್ಲಿ. ಪಂಪ್ ಯಾಕೆ ಒಮ್ಮೆ ಓಡಿ ಒಮ್ಮೆ ನಿಲ್ತಿತ್ತು ಅಂತಾನೂ ಈಗ ಗೊತ್ತಾಯ್ತು.

ಮಲ್ಪೆ_ಮೋಟರ್
ಅದೇ ನೋಡಿ. ನೆಗೆಟಿವ್‌ಗೆ ಒಂದು ಬಸ್‌ಬಾರ್ ಹಾಕಿ. ಹಿತ್ತಾಳೆ ಅಥವಾ ತವರ ಲೇಪದ ತಾಮ್ರದ ಪಟ್ಟಿ, ಸಾಲಾಗಿ ಸ್ಕ್ರೂ ಇರುವಂಥದ್ದು, ಮುಚ್ಚಳ ಇರುವಂಥದ್ದು. ತಳದಲ್ಲಿ ಅಲ್ಲ, ಸೀಟಿನ ಪಕ್ಕದ ಗೋಡೆಯ ಮೇಲ್ಭಾಗದಲ್ಲಿ. ಪ್ರತಿ ಸಾಮಾನಿನ ನೆಗೆಟಿವ್ ಬೇರೆ ಬೇರೆಯಾಗಿ ಅಲ್ಲಿಗೇ ಬರಬೇಕು. ದಾರಿ ಮಧ್ಯೆ ಜಾಯಿಂಟ್ ಬೇಡವೇ ಬೇಡ. ವೈರ್ ಗಿಡ್ಡ ಆಯಿತಾ, ತೆಗೆದು ಉದ್ದದ್ದು ಎಳೆಯಿರಿ.

ವೈರಿನ ತುದಿಗೆ ಹಾಕುವ ಲೋಹದ ಲಗ್ ಅನ್ನು ಕ್ರಿಂಪ್ ಮಾಡಿ, ಅಂದರೆ ಅದುಮಿ ಬಿಗಿಯಿರಿ, ಬೆಸುಗೆ ಬೇಡ. ಬೆಸುಗೆ ಹಾಕಿದರೆ ಸೀಸ ಎಳೆಗಳೊಳಗೆ ಹರಿದು ಅಷ್ಟು ಭಾಗ ಕಡ್ಡಿಯ ಹಾಗೆ ಸೆಟೆಯುತ್ತದೆ, ಮೆತ್ತಗಿನ ಭಾಗ ಶುರುವಾಗುವ ಜಾಗದಲ್ಲಿ ನಡುಕಕ್ಕೆ ತುಂಡಾಗುತ್ತದೆ. ಕ್ರಿಂಪ್ ಆದ ಮೇಲೆ ಕೈಯಲ್ಲಿ ಜೋರಾಗಿ ಎಳೆದು ನೋಡಿ, ಬಂದರೆ ಈಗಲೇ ಬರಲಿ. ಮೇಲೆ ಒಳಗಡೆ ಅಂಟು ಇರುವ, ಬಿಸಿಗೆ ಕುಗ್ಗುವ ಹೀಟ್‌ಶ್ರಿಂಕ್ ಸ್ಲೀವ್. ಬಿಸಿ ಮಾಡಿದಾಗ ಎರಡೂ ತುದಿಯಲ್ಲಿ ಅಂಟು ಸ್ವಲ್ಪ ಹೊರಗೆ ಉಕ್ಕಬೇಕು. ಉಕ್ಕಲಿಲ್ಲವೆಂದರೆ ನೀರಿಗೆ ದಾರಿ ಉಳಿದಿದೆ ಅಂತ ಅರ್ಥ.

ದಕ್ಷಿಣ_ಕೊಡಗು (ಗೋಣಿಕೊಪ್ಪ)
ಇಕ್ಕಳದಲ್ಲಿ ಅದುಮಿದ್ರೆ ಆಗಲ್ವಾ?

ಮಲ್ಪೆ_ಮೋಟರ್
ಆಗುವುದಿಲ್ಲ. ಅದಕ್ಕೆಂದೇ ಹಲ್ಲಿನ ಕ್ರಿಂಪಿಂಗ್ ಟೂಲ್ ಬರುತ್ತದೆ, ಪೂರ್ತಿ ಅದುಮುವವರೆಗೆ ಬಿಡುವುದಿಲ್ಲ. ಗ್ಯಾರೇಜಿನವರಲ್ಲಿ ಕೇಳಿದರೆ ಒಂದು ದಿನಕ್ಕೆ ಕೊಟ್ಟಾರು.

ತೋಟದ_ಕರೆಂಟು
ಕ್ರಿಂಪಿಂಗ್ ಮಾತು ಒಪ್ಪಿದೆ. ವೈರ್ ದಪ್ಪದ ಬಗ್ಗೆ ನನ್ನ ಪ್ರಶ್ನೆ ಹಾಗೇ ಇದೆ. ಎಲ್ಲಾ ಎಲ್‌ಇಡಿ, ಅರ್ಧ ಆಂಪಿಯರ್ ದೀಪಕ್ಕೆ ದಪ್ಪ ವೈರ್ ಯಾಕೆ?

ಬ್ಯಾಟರಿ_ಅಂಗಡಿ
ದೀಪಕ್ಕೆ ಬೇಡ, ನೀವು ಹೇಳೋದು ಸರಿ. ಆದ್ರೆ ಪಂಪು, ಸರ್ಚ್ ಲೈಟಿಗೆ ಬೇಕು. ಲೆಕ್ಕ ನೋಡಿ. ಬ್ಯಾಟರಿಯಿಂದ ಮುಂತುದಿಗೆ 4 ಮೀಟರ್ ಅಂದ್ಕೊಳ್ಳಿ, ಹೋಗಿ ಬರೋದು ಸೇರಿ 8. ಕರೆಂಟ್ 5 ಆಂಪಿಯರ್. ಒಂದು ಸ್ಕ್ವೇರ್ ಎಂಎಂ ತಾಮ್ರದಲ್ಲಿ ಸುಮಾರು 0.7 ವೋಲ್ಟ್ ದಾರೀಲೇ ಹೋಗುತ್ತೆ, ಅಂದ್ರೆ ನೂರಕ್ಕೆ 6. ಎರಡೂವರೆ ಹಾಕಿದ್ರೆ 0.3ಕ್ಕೆ ಇಳಿಯುತ್ತೆ. ಮನೆಯ 230 ವೋಲ್ಟಲ್ಲಿ 0.7 ಹೋದ್ರೆ ಯಾರಿಗೂ ಗೊತ್ತಾಗಲ್ಲ, 12ರಲ್ಲಿ ಹೋದ್ರೆ ಪಂಪ್ ಸುಸ್ತಾಗುತ್ತೆ. ಮನೆ ಲೆಕ್ಕ ದೋಣಿಗೆ ಹೊಂದದೇ ಇರೋದು ಇಲ್ಲೇ. ದಾರಿ ದೀಪ, ಫಿಶ್‌ಫೈಂಡರ್ ವೈರಿಗೆ ಬಲಕ್ಕೋಸ್ಕರ ಒಂದೂವರೆ ಹಾಕಿ.

ತೋಟದ_ಕರೆಂಟು
ಈಗ ಲೆಕ್ಕ ಕೂತಿತು. ಆದ್ರೂ ಒಂದು ಮಾತು: ಫ್ಯೂಸ್ ಬದಲು ಮನೇಲಿ ಹಾಕೋ ಎಂಸಿಬಿ (ಕರೆಂಟ್ ಜಾಸ್ತಿ ಆದ್ರೆ ತಾನೇ ಬೀಳೋ ಸ್ವಿಚ್) ಹಾಕಿದ್ರೆ ಬಿದ್ದಾಗ ಎತ್ತಿಬಿಡಬಹುದು, ಕತ್ತಲಲ್ಲಿ ಫ್ಯೂಸ್ ಹುಡುಕೋ ಗೋಳಿಲ್ಲ.

ಮಲ್ಪೆ_ಮೋಟರ್
ಮನೆಯದ್ದು ಎಸಿಗೆ ಮಾಡಿದ್ದು. ಎಸಿ ಕರೆಂಟ್ ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬರುತ್ತದೆ, ಆಗ ಕಿಡಿ ತಾನಾಗಿ ಆರುತ್ತದೆ. ಡಿಸಿಗೆ, ಅಂದರೆ ಬ್ಯಾಟರಿ ಕರೆಂಟಿಗೆ, ಆ ಸೊನ್ನೆಯೇ ಇಲ್ಲ. ಡಿಸಿ ಅಂತ ಬರೆದ ಬ್ರೇಕರ್ ಸಿಕ್ಕಿದರೆ ಹಾಕಿ, ಇಲ್ಲವೆಂದರೆ ಕಾರಿನ ಬ್ಲೇಡ್ ಫ್ಯೂಸ್ ಪೆಟ್ಟಿಗೆ ಒಳ್ಳೆಯದು. ಹಳ್ಳಿ ಗ್ಯಾರೇಜಲ್ಲೂ ಫ್ಯೂಸ್ ಸಿಗುತ್ತದೆ. ಪೆಟ್ಟಿಗೆ ಮುಚ್ಚಳದ ಒಳಗೇ ನಾಲ್ಕು ಹೆಚ್ಚುವರಿ ಫ್ಯೂಸ್ ಅಂಟಿಸಿಡಿ.

ಮುಖ್ಯ ಫ್ಯೂಸ್ ಬ್ಯಾಟರಿ ಪಾಸಿಟಿವ್‌ನಿಂದ ಒಂದು ಗೇಣಿನೊಳಗೆ ಇರಬೇಕು, ಏಳಿಂಚು ಅಂತ ಲೆಕ್ಕ. ಫ್ಯೂಸ್ ಇರುವುದು ದೀಪ ಉಳಿಸಲಿಕ್ಕೆ ಅಲ್ಲ, ವೈರ್ ಸುಡದ ಹಾಗೆ ನೋಡಲಿಕ್ಕೆ. ಫ್ಯೂಸಿಗಿಂತ ಮೊದಲಿನ ಆ ತುಂಡು ವೈರಿಗೆ ಕಾವಲೇ ಇಲ್ಲ, ಹಾಗಾಗಿ ಅದು ಎಷ್ಟು ಗಿಡ್ಡವೋ ಅಷ್ಟು ಕ್ಷೇಮ. ಪಕ್ಕದಲ್ಲಿ ಪೆಟ್ರೋಲ್ ಟ್ಯಾಂಕ್ ಇರುವ ದೋಣಿಯಲ್ಲಿ ಇದರಲ್ಲಿ ರಾಜಿ ಬೇಡ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ತಳದಲ್ಲೇ ಕೂರುತ್ತದೆ. ಸ್ವಿಚ್ಚು, ಫ್ಯೂಸು ಎಲ್ಲಾ ಮೇಲೆ, ಟ್ಯಾಂಕಿನಿಂದ ದೂರ.

ಕಾವೇರಿ_ದಡ (ನೆಲ್ಯಹುದಿಕೇರಿ)
ಪಂಪ್ ಬಗ್ಗೆ ನಾನೊಂದು ಹೇಳ್ಲೇಬೇಕು. 2019ರ ಆಗಸ್ಟ್‌ನಲ್ಲಿ ನಮ್ಮೂರು, ಕರಡಿಗೋಡು ಎಲ್ಲಾ ಕಾವೇರಿ ನೀರಲ್ಲಿ ನಿಂತಾಗ ದೋಣೀಲೇ ಜನರನ್ನ ಸಾಗಿಸಿದ್ದು. ಮೇಲಿಂದ ಹುಯ್ಯೋ ಮಳೆ, ದೋಣಿಯೊಳಗೆ ಕಾಲು ಮುಳುಗೋಷ್ಟು ನೀರು. ಒಂದು ದೋಣಿಯ ಪಂಪ್ ಓಡ್ಲಿಲ್ಲ, ಯಾಕಂದ್ರೆ ಬ್ಯಾಟರಿ ಉಳಿಸೋಕೆ ಅಂತ ಯಾರೋ ಮೇನ್ ಸ್ವಿಚ್ ಆಫ್ ಮಾಡಿದ್ರು. ಕೊನೆಗೆ ಬಕೆಟಲ್ಲಿ ಎತ್ತಿ ಹಾಕಿದ್ವಿ, ಒಳಗೆ ವಯಸ್ಸಾದವರು, ಮಕ್ಕಳು. ಪಂಪಿಗೆ ಮೇನ್ ಸ್ವಿಚ್ಚಿನ ಹಂಗೇ ಇರಬಾರದು.

ಮಲ್ಪೆ_ಮೋಟರ್
ಇದು ಬಂಗಾರದಂಥ ಮಾತು. ಫ್ಲೋಟ್ ಸ್ವಿಚ್ (ನೀರು ಏರಿದಾಗ ತಾನೇ ಆನ್ ಆಗುವಂಥದ್ದು) ಇರುವ ಪಂಪಿನ ವೈರ್ ಮೇನ್ ಸ್ವಿಚ್ಚಿಗಿಂತ ಮೊದಲೇ, ನೇರ ಬ್ಯಾಟರಿಯಿಂದ ಹೊರಡಬೇಕು, ಅದಕ್ಕೇ ಬೇರೆ ಫ್ಯೂಸ್. ಎಷ್ಟು ಆಂಪಿಯರ್ ಅಂತ ಪಂಪಿನ ಮೈಮೇಲೆ ಬರೆದಿರುತ್ತದೆ, ಅದಕ್ಕಿಂತ ದೊಡ್ಡದು ಹಾಕಬೇಡಿ. ಎಲೆ ಸಿಕ್ಕಿ ಪಂಪ್ ಜಾಮ್ ಆದರೆ ಸರಿಯಾದ ಫ್ಯೂಸ್ ಹೋಗುತ್ತದೆ, ದೊಡ್ಡ ಫ್ಯೂಸ್ ಹಾಕಿದ್ದರೆ ಪಂಪೇ ಸುಟ್ಟು ಕರಗುತ್ತದೆ.

ಮೇನ್ ಸ್ವಿಚ್ ಬಗ್ಗೆ ಇನ್ನೊಂದು: ಇಂಜಿನ್ ಓಡುವಾಗ ಆಫ್ ಮಾಡಬಾರದು. ಚಾರ್ಜಿಂಗ್ ಕರೆಂಟಿಗೆ ಬ್ಯಾಟರಿ ಸಿಗದೇ, ಇಂಜಿನ್ನಿನ ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ಹಾರಿಹೋಗುತ್ತದೆ. ಮಕ್ಕಳ ಕೈ, ಬಲೆಯ ಹಗ್ಗ ತಾಗದ ಕಡೆ ಸ್ವಿಚ್ ಇಡಿ.

ಮೀನ್‌ಸಾರು_ಪ್ರಿಯೆ (ವಿರಾಜಪೇಟೆ)
ವೈರಿಂಗ್ ನನಗೆ ಅರ್ಥ ಆಗಲ್ಲ. ಹಾರಂಗೀಲಿ ಈಗ ಏನು ಸಿಗ್ತಿದೆ? ಕಾಟ್ಲಾ ಸಿಕ್ರೆ ಹೇಳಿ ಅಣ್ಣ, ಸಾರಿಗೆ ಹಾಕೋ ಕೊಡಗಿನ ಹುಳಿ ಕಾಚಂಪುಳಿ ಮನೇಲಿ ರೆಡಿ ಇದೆ.

ಹಿನ್ನೀರ_ಹಾದಿ
ಕಾಟ್ಲಾ, ರೋಹು ಇದೆ ಅಕ್ಕಾ. ಜಿಲೇಬಿ ಮೀನಂತೂ ಬೇಡ ಅಂದ್ರೂ ಬಲೆಗೆ ಬೀಳುತ್ತೆ.

ದಕ್ಷಿಣ_ಕೊಡಗು
ಇಷ್ಟೆಲ್ಲಾ ಕಷ್ಟ ಯಾಕೆ? ಒಂದು ಇನ್ವರ್ಟರ್ ಹಾಕ್ಬಿಡಿ. 230 ವೋಲ್ಟ್ ಬಲ್ಬು, ಮನೆ ಚಾರ್ಜರು ಎಲ್ಲಾ ನಡೆಯುತ್ತೆ, ವೈರೂ ಸಣ್ಣದು ಸಾಕು.

ಬ್ಯಾಟರಿ_ಅಂಗಡಿ
ದಯವಿಟ್ಟು ಬೇಡ. ಇನ್ವರ್ಟರ್ ಮಾರಿ ನನಗೆ ಲಾಭ ಇದೆ, ಆದ್ರೂ ಹೇಳ್ತೀನಿ, ಬೇಡ. ಸಿಹಿನೀರಲ್ಲಿ ಎಸಿ ಕರೆಂಟ್ ಸಮುದ್ರಕ್ಕಿಂತ ಹೆಚ್ಚು ಅಪಾಯ. ಉಪ್ಪುನೀರು ನಮ್ಮ ಮೈಗಿಂತ ಚೆನ್ನಾಗಿ ಕರೆಂಟ್ ಒಯ್ಯುತ್ತೆ, ಅದಕ್ಕೆ ಬಹುಪಾಲು ಮನುಷ್ಯನನ್ನ ಬಿಟ್ಟು ಸುತ್ತ ಹರಿಯುತ್ತೆ. ಸಿಹಿನೀರಲ್ಲಿ ಉಲ್ಟಾ. ನೀರಿಗಿಂತ ನಮ್ಮ ಮೈಯೊಳಗೇ ಉಪ್ಪು ಜಾಸ್ತಿ, ಹಾಗಾಗಿ ಕರೆಂಟಿಗೆ ನಾವೇ ಸುಲಭದ ದಾರಿ. ಹತ್ತಿಪ್ಪತ್ತು ಮಿಲಿಆಂಪಿಯರ್‌ಗೇ ಕೈಕಾಲು ಸೆಟೆದು ಈಜೋಕಾಗಲ್ಲ. ನೋಡಿದವರಿಗೆ ಸುಮ್ಮನೆ ಮುಳುಗಿದ ಹಾಗೆ ಕಾಣುತ್ತೆ.

ದಡದ ಪಂಪ್‌ಹೌಸಿಂದ ವೈರ್ ಎಳೆದು ನೀರಲ್ಲಿರೋ ದೋಣಿಯ ಬ್ಯಾಟರಿ ಚಾರ್ಜ್ ಮಾಡೋದೂ ಇದೇ ಅಪಾಯ. ಬ್ಯಾಟರಿ ಬಿಚ್ಚಿ ಮನೆಗೆ ತಗೊಂಡು ಹೋಗಿ.

ಮಂಜಿನೂರು
ಸಿಹಿನೀರಲ್ಲಿ ಉಪ್ಪಿಲ್ಲ, ಹೆದರಿಕೆ ಇಲ್ಲ ಅಂತ ಮೇಲೆ ಶುರುವಾಗಿದ್ದು ಎಲ್ಲಿಗೆ ಬಂತು ನೋಡಿ.

ಕಾವೇರಿ_ದಡ
ಇದೇ ಕಾರಣಕ್ಕೇ ಹೊಳೇಲಿ ಕರೆಂಟ್ ಬಿಟ್ಟು ಮೀನು ಹಿಡಿಯೋರನ್ನ ಕಂಡ್ರೆ ನನಗೆ ಮೈ ಉರಿಯುತ್ತೆ. ಮೀನಿನ ಜೊತೆ ಮರಿ, ಮೊಟ್ಟೆ, ಏಡಿ ಎಲ್ಲಾ ಹೋಗುತ್ತೆ, ಕೆಳಗಡೆ ಬಟ್ಟೆ ಒಗೆಯೋರ ಜೀವಾನೂ ಹೋಗಬಹುದು. ಸಿಡಿಮದ್ದು, ವಿಷ ಹಾಕಿ ಮೀನು ಹಿಡಿಯೋದನ್ನ 1897ರ ಕಾನೂನೇ ನಿಷೇಧಿಸಿತ್ತು. ಕಾವೇರಿಯ ಡುಬ್ಬದ ಮಹಶೀರ್ ಮೀನು ಅಳಿವಿನ ಅಂಚಿಗೆ ಬಂದು ನಿಂತಿದೆ. ಹಾರಂಗೀಲೇ ಇಲಾಖೆಯವರು ಮಹಶೀರ್ ಮರಿ ಮಾಡಿ ಬಿಡ್ತಾರೆ, ಇತ್ತ ಕಡೆ ಇವರು ವೈರ್ ಇಳಿಬಿಡ್ತಾರೆ.

ದಕ್ಷಿಣ_ಕೊಡಗು
ನಾನು ಕೇಳಿದ್ದು ಬಲ್ಬಿಗೆ, ಮೀನಿಗಲ್ಲ. ಆದ್ರೂ ಆ ಸಿಹಿನೀರಿನ ವಿಷಯ ಗೊತ್ತಿರ್ಲಿಲ್ಲ. ತೋಟದ ಕೆರೆ ಪಂಪನ್ನ ನಾಳೆಯೇ ನೋಡಿಸ್ತೀನಿ.

ತೋಟದ_ಕರೆಂಟು
ನೋಡಿಸಿ. ಅರ್ತಿಂಗ್ ಜೊತೆ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ತಾನೇ ಆಫ್ ಆಗೋದು) ಇದೆಯಾ ಅಂತ ಕೇಳಿ. ಕೆರೆಯೊಳಗೆ ಕೈ ಹಾಕೋ ಮುಂಚೆ ಪಂಪ್ ಆಫ್ ಅಂತ ಕೆಲಸದವರಿಗೂ ಹೇಳಿ.

ಹಿನ್ನೀರ_ಹಾದಿ
ವಾಪಸ್ ದೋಣಿಗೆ ಬರೋಣ. ಕೆಂಪು-ಹಸಿರು ದೀಪ ಹಾರಂಗೀಲಿ ನಿಜವಾಗ್ಲೂ ಬೇಕಾ? ಬಿಳಿ ದೀಪ ಒಂದೇ ಸಾಕು ಅಂತ ನಮ್ಮಲ್ಲೊಬ್ಬ ವಾದ ಮಾಡ್ತಿದ್ದಾನೆ.

ಮಲ್ಪೆ_ಮೋಟರ್
ಸಮುದ್ರದ ನಿಯಮದಲ್ಲಿ 7 ಮೀಟರಿಗಿಂತ ಗಿಡ್ಡ ಇದ್ದು, ವೇಗವೂ 7 ನಾಟ್ ದಾಟದ ದೋಣಿಗೆ ಸುತ್ತ ಕಾಣುವ ಬಿಳಿ ದೀಪ ಒಂದೇ ನಡೆಯುತ್ತದೆ. 7 ನಾಟ್ ಅಂದರೆ ಗಂಟೆಗೆ ಸುಮಾರು 13 ಕಿಲೋಮೀಟರ್. ನಿಮ್ಮದು ಉದ್ದದಲ್ಲಿ ಪಾಸ್. ಆದರೆ ಖಾಲಿ ದೋಣಿಗೆ 9.9 ಎಚ್‌ಪಿ ಕೊಟ್ಟರೆ ಆ ವೇಗ ದಾಟುತ್ತದೆ. ಹಾಕಿಯೇ ಬಿಡಿ: ಎಡಕ್ಕೆ ಕೆಂಪು, ಬಲಕ್ಕೆ ಹಸಿರು. ಎದುರಿಂದ ಬರುವವನಿಗೆ ನೀವು ಯಾವ ಕಡೆ ತಿರುಗಿದ್ದೀರಿ ಅಂತ ತಿಳಿಯುವುದು ಅದರಿಂದಲೇ. ಬಿಳಿ ದೀಪ ಕಂಬದ ಮೇಲೆ ಎತ್ತರದಲ್ಲಿರಲಿ, ಕಣ್ಣಿಗೆ ಹೊಡೆಯಬಾರದು.

ನಮ್ಮಲ್ಲಿ ಕತ್ತಲಲ್ಲಿ ಮೇಲೆ ಹಸಿರು, ಕೆಳಗೆ ಬಿಳಿ ಕಂಡರೆ ಟ್ರಾಲ್ ಬಲೆ ಎಳೀತಿದ್ದಾರೆ ಅಂತ ಅರ್ಥ, ದೂರ ಹೋಗ್ತೇವೆ. ದೀಪ ಅಂದರೆ ಮಾತು.

ತೆಪ್ಪವೇ_ಸಾಕು
ನಮ್ಮಂಥ ತೆಪ್ಪದವರಿಗೆ ನೀವು ಬರೋದು ಕಾಣ್ಬೇಕಲ್ಲ ಮಾರಾಯ. ದೀಪ ಹಾಕಿ, ಬೇಡ ಅನ್ನೋನ ಮಾತು ಕೇಳ್ಬೇಡಿ.

ಹಿನ್ನೀರ_ಹಾದಿ
ಹಾಕ್ತೀವಿ. ನೀವೂ ತೆಪ್ಪದಲ್ಲಿ ಟಾರ್ಚ್ ಹಚ್ಚಿಟ್ಟಿರಿ.

ಈವರೆಗಿನ ಕೆಲಸ ಹೇಳ್ತೀನಿ. ಹಳೇದೆಲ್ಲಾ ಕಿತ್ತಾಯ್ತು, ಒಂದು ಗೋಣಿಚೀಲ ತುಂಬ್ತು. ಫ್ಯೂಸ್ ಪೆಟ್ಟಿಗೆ, ಬಸ್‌ಬಾರ್ ಎರಡೂ ನಡು ಸೀಟಿನ ಕೆಳಗೆ ಮೇಲ್ಭಾಗದಲ್ಲಿ ಕೂತಿವೆ. ಪಂಪಿನ ವೈರ್ ನೇರ ಬ್ಯಾಟರಿಗೆ. ಮುಂದಕ್ಕೆ ಹೋಗೋ ವೈರನ್ನ ಪಿವಿಸಿ ಪೈಪೊಳಗೆ ಎಳೆಯೋ ಯೋಚನೆ.

ಮಲ್ಪೆ_ಮೋಟರ್
ಪೈಪ್ ಆದೀತು, ಆದರೆ ಎಲ್ಲಿ ತಗ್ಗು ಬರುತ್ತದೋ ಅಲ್ಲಿ ಕೆಳಗಡೆ ತೂತು ಕೊರೆಯಿರಿ. ಇಲ್ಲದಿದ್ದರೆ ಪೈಪೇ ನೀರು ತುಂಬಿಟ್ಟುಕೊಳ್ಳುತ್ತದೆ. ಪೈಪ್ ಇಲ್ಲದ ಕಡೆ ಒಂದೂವರೆ ಅಡಿಗೊಂದು ಕ್ಲಾಂಪ್. ದೀಪಕ್ಕೋ ಪೆಟ್ಟಿಗೆಗೋ ವೈರ್ ಮೇಲಿಂದ ನೇರ ಇಳಿಯಬಾರದು, ಒಮ್ಮೆ ಕೆಳಗೆ ಬಳುಕಿ ಮತ್ತೆ ಮೇಲೇರಿ ಒಳಹೋಗಲಿ. ಆಗ ವೈರ್ ಹಿಡಿದು ಬರುವ ಹನಿ ಬಳುಕಿನಿಂದಲೇ ಉದುರುತ್ತದೆ. ಪ್ರತಿ ವೈರಿನ ಎರಡೂ ತುದಿಗೆ ಹೆಸರು ಬರೆದು ಅಂಟಿಸಿ. ನಿಮ್ಮ ಬಳಿಕ ಆ ದೋಣಿ ಬಿಚ್ಚುವವನು ನಿಮಗೆ ಶಾಪ ಹಾಕಬಾರದು.

ಬ್ಯಾಟರಿ_ಅಂಗಡಿ
ಬ್ಯಾಟರಿ ಲೆಕ್ಕ: ದಾರಿ ದೀಪ ಅರ್ಧ ಆಂಪಿಯರ್, ಸರ್ಚ್ ಲೈಟ್ ಒಂದೂವರೆ, ಫಿಶ್‌ಫೈಂಡರ್ ಅರ್ಧ. ಎಲ್ಲಾ ಆರು ಗಂಟೆ ಉರಿದ್ರೂ 15 ಎಎಚ್. ಲೆಡ್ ಆ್ಯಸಿಡ್ ಬ್ಯಾಟರಿಯನ್ನ ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಅಂದ್ರೆ ನಿಮ್ಮ 40ರಲ್ಲಿ 20 ಬಳಸಬಹುದು. ಪಂಪಿಗೂ ಮೊಬೈಲಿಗೂ ಮಿಗುತ್ತೆ. ಪಾಸಿಟಿವ್ ಟರ್ಮಿನಲ್‌ಗೆ ರಬ್ಬರ್ ಟೋಪಿ, ಪೆಟ್ಟಿಗೆಗೆ ಪಟ್ಟಿ ಕಟ್ಟಿ ಬಿಗಿಯಿರಿ, ಮುಚ್ಚಳದಲ್ಲಿ ಗಾಳಿ ಹೋಗೋಕೆ ಕಿಂಡಿ ಇರ್ಲಿ. ಚಾರ್ಜ್ ಆಗೋವಾಗ ಹೈಡ್ರೋಜನ್ ಬರುತ್ತೆ.

ಮಂಜಿನೂರು
ಸೋಲಾರ್ ಹಾಕಿದ್ರೆ?

ಬ್ಯಾಟರಿ_ಅಂಗಡಿ
ಬೇಸಿಗೇಲಿ 20 ವಾಟ್ ಪ್ಯಾನೆಲ್ ಒಂದು ಕಂಟ್ರೋಲರ್ ಜೊತೆ ಚೆನ್ನಾಗಿ ನಡೆಯುತ್ತೆ. ಆಟಿ ಮಳೇಲಿ ಅದನ್ನ ನಂಬ್ಕೊಂಡು ಕೂರಬೇಡಿ. ಮಳೆಗಾಲದಲ್ಲಿ ಬ್ಯಾಟರಿ ಮನೇಲಿರ್ಲಿ, ತಿಂಗಳಿಗೊಮ್ಮೆ ಚಾರ್ಜ್ ಕೊಡಿ. ತುಂಬಿದ್ರೆ ಸುಮ್ಮನಿದ್ದಾಗ 12.6 ದಾಟಿರಬೇಕು.

ಕಾವೇರಿ_ದಡ
ದೋಣಿ ದಡಕ್ಕೆ ಎಳೆದು ಟಾರ್ಪಾಲ್ ಹೊದಿಸ್ತೀರಲ್ಲ, ಅಲ್ಲಿ ಇಲಿ ಸೇರಿಕೊಳ್ಳುತ್ತೆ. ವೈರ್ ಕಡಿಯೋಕೆ ಒಂದು ರಾತ್ರಿ ಸಾಕು. ದೋಣಿಯೊಳಗೆ ಮೀನಿನ ವಾಸನೆ ಉಳಿಯದ ಹಾಗೆ ತೊಳೆದಿಡಿ, ಪೈಪಿನ ಬಾಯಿಗಳನ್ನ ಉಕ್ಕಿನ ನಾರಿಂದ ಮುಚ್ಚಿ.

ಮಲ್ಪೆ_ಮೋಟರ್
ಉಕ್ಕಿನ ನಾರು ತುಕ್ಕು ಹಿಡಿದು ವೈರಿಗೆ ಅಂಟುತ್ತದೆ, ಸ್ಟೇನ್‌ಲೆಸ್ ಪಾತ್ರೆ ತಿಕ್ಕುವ ನಾರು ತನ್ನಿ. ತುಕ್ಕು ಅಂದಾಗ ನೆನಪಾಯಿತು: ಔಟ್‌ಬೋರ್ಡಿನ ಕಾಲಿಗೆ ಕಚ್ಚಿಸಿದ ಆನೋಡ್ ತುಂಡು (ಇಂಜಿನ್ ಲೋಹದ ಬದಲು ತಾನು ಸವೆಯುವಂಥದ್ದು) ಯಾವುದು ನೋಡಿ. ಕರಾವಳಿ ದೋಣಿ ಅಂದ ಮೇಲೆ ಸತುವಿನದ್ದೇ ಇದ್ದೀತು. ಸಿಹಿನೀರಲ್ಲಿ ಅದರ ಮೇಲೆ ಪದರ ಕಟ್ಟಿ ಕೆಲಸ ನಿಲ್ಲಿಸುತ್ತದೆ. ಮೆಗ್ನೀಸಿಯಂದು ಹಾಕಿ.

ಹಿನ್ನೀರ_ಹಾದಿ
ಸತುವಿನದ್ದೇ ಇದೆ, ಬಿಳಿ ಪದರ ಕಟ್ಟಿದೆ. ಮೆಗ್ನೀಸಿಯಂದು, ತವರ ಲೇಪದ ವೈರು ಎರಡೂ ಒಂದೇ ಕಡೆ ಎಲ್ಲಿ ಸಿಗುತ್ತೆ?

ಮಲ್ಪೆ_ಮೋಟರ್
ಮಂಗಳೂರು ಬಂದರಿನ ಬೋಟ್ ಸಾಮಾನಿನ ಅಂಗಡಿಗಳಲ್ಲಿ ವೈರ್ ಸಿಗುತ್ತದೆ. ಸಂಪಾಜೆ ಘಾಟಿ ಇಳಿದು ಬಂದರೆ ಒಂದೇ ದಿನದ ಕೆಲಸ. ಆನೋಡನ್ನು ಇಂಜಿನ್ ಮಾಡೆಲ್ ಹೇಳಿ ಔಟ್‌ಬೋರ್ಡ್ ಮಾರುವವರಲ್ಲಿ ತರಿಸಿ, ಇಲ್ಲಿ ಎಲ್ಲರೂ ಸತುವಿನದ್ದನ್ನೇ ಇಟ್ಟಿರುತ್ತಾರೆ. ಬರುವಾಗ ವೈರಿನ ಒಂದು ತುದಿ ಸುಲಿಸಿ ನೋಡಿ: ಎಳೆ ಬೆಳ್ಳಿ ಬಣ್ಣ ಇರಬೇಕು. ಉಗುರಿನಲ್ಲಿ ಕೆರೆದಾಗ ಪುಡಿ ಉದುರಿ ಕೆಂಪು ಕಂಡರೆ ತೆಗೆದುಕೊಳ್ಳಬೇಡಿ.

ತೋಟದ_ಕರೆಂಟು
ಹೋಗೋದಾದ್ರೆ ನನಗೂ ಎರಡೂವರೆಯದ್ದು 20 ಮೀಟರ್ ತನ್ನಿ, ದುಡ್ಡು ಕೊಡ್ತೀನಿ. ನಮ್ಮ ಪಂಪ್‌ಹೌಸಿನ 12 ವೋಲ್ಟ್ ದೀಪಕ್ಕೆ ಹಾಕಿ ನೋಡ್ತೀನಿ.